ಕೇರಳದಲ್ಲಿ ರೋಗಿಸಾಂತ್ವನದ ನೆರೆಹೊರೆ ಪದ್ಧತಿ

ದೀರ್ಘರೋಗಿಯ ಬಳಿ ಸಂಗಾತಿಯಾಗಿ ಕುಳಿತುಕೊಳ್ಳುವುದನ್ನು ನಾವು ಸಾಮಾನ್ಯವಾಗಿ ದಯೆಯ ಕಾರ್ಯವೆಂದು ಎಣಿಸುತ್ತೇವೆ. ಅದು ಊರಿನ ವ್ಯವಸ್ಥಿತ ಹೊಣೆಯೂ ಆಗಬಲ್ಲುದೆಂಬುದಕ್ಕೆ ಕೇರಳದ ಈಚಿನ ಚರಿತ್ರೆಯು ನಿದರ್ಶನವಾಗಿದೆ. 1993ರಲ್ಲಿ ಕಲ್ಲಿಕೋಟೆಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವುಶಮನದ ಸಂಘವೊಂದನ್ನು ಸ್ಥಾಪಿಸಿದರು. ಆದರೆ ಹಾಸಿಗೆ ಹಿಡಿದವನು ಆಸ್ಪತ್ರೆಗೆ ಬರಲಾರನು. ಬಂದರೂ ಅವನ ಒಂಟಿತನಕ್ಕೆ, ಮನೆಯವರ ಬಡತನಕ್ಕೆ ಅಲ್ಲಿ ಮದ್ದಿಲ್ಲ. ಈ ಕೊರತೆಯನ್ನು ತುಂಬಲೆಂದೇ 2001ರ ಸುಮಾರಿಗೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಜಾಲವು ರೂಪುಗೊಂಡಿತು. ತರಬೇತಿ ಪಡೆದ ಸ್ವಯಂಸೇವಕರು ಮನೆಗಳಿಗೆ ಹೋಗಿ ರೋಗಿಯೊಡನೆ ಮಾತನಾಡಿದರು, ಸರಳ ಶುಶ್ರೂಷೆ ಮಾಡಿದರು, ಬಡವರಿಗೆ ಅಕ್ಕಿ ಒದಗಿಸಿದರು. ವೆಚ್ಚವು ಬಹುಮಟ್ಟಿಗೆ ಊರವರ ಸಣ್ಣ ಕಾಣಿಕೆಗಳಿಂದಲೇ ಕೂಡಿಬಂದಿತು. 2008ರಲ್ಲಿ ಕೇರಳ ಸರಕಾರವು ಈ ಕುರಿತು ನೀತಿಯೊಂದನ್ನು ಪ್ರಕಟಿಸಿ, ಪಂಚಾಯತಿಗಳಿಗೂ ಹೊಣೆ ವಹಿಸಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸರಕಾರವು ದಾದಿಯನ್ನು ನೇಮಿಸಬಲ್ಲುದು, ನೆರೆಯವನನ್ನು ನೇಮಿಸಲಾರದು. ದಾದಿ ಬಂದಳೆಂದು ನೆರೆಯವನು ಹಿಂದೆ ಸರಿದರೆ ರೋಗಿಯು ಮತ್ತೆ ಒಂಟಿಯೇ. ಆದುದರಿಂದ ಸಂಬಳದ ಸೇವೆಯು ಸ್ವಯಂಸೇವೆಗೆ ಆಸರೆಯಾಗುವುದೋ, ಅದರ ಸ್ಥಾನವನ್ನೇ ಆಕ್ರಮಿಸುವುದೋ ಎಂಬುದನ್ನು ಈ ಪದ್ಧತಿಯ ಭವಿಷ್ಯವು ಅವಲಂಬಿಸಿದೆಯೆಂದು ನಾವು ಭಾವಿಸುತ್ತೇವೆ.