ಬಟ್ಟೆಯ ಮರೆಯ ಮಾತು

ಮೂರನೆಯವನ ಎದುರಿನಲ್ಲಿ ಗುಟ್ಟು ಮಾತಾಡಬೇಕಾದಾಗ ಮನುಷ್ಯನಿಗೆ ಎರಡು ಉಪಾಯಗಳುಂಟು: ದನಿಯನ್ನು ತಗ್ಗಿಸುವುದು, ಇಲ್ಲವೆ ನುಡಿಯನ್ನು ಬದಲಿಸುವುದು. ಶಿರಸಿಯ ಬಳಿ ಹುಟ್ಟಿ, ಘಟ್ಟವಿಳಿದು, ಕುಮಟಾ ತಾಲ್ಲೂಕಿನ ತದಡಿಯ ಹತ್ತಿರ ಕಡಲನ್ನು ಸೇರುವ ಅಘನಾಶಿನಿಯ ಸೀಮೆಯಲ್ಲಿ ಈ ಎರಡನೆಯ ಉಪಾಯ ಬಹು ಸುಲಭ. ತೋಟದ ಮನೆಯಲ್ಲಿ ಹವಿಗನ್ನಡ, ಕೊಪ್ಪಗಳಲ್ಲಿ ಹಾಲಕ್ಕಿ ಒಕ್ಕಲಿಗರ ಕನ್ನಡ, ಪೇಟೆಯ ಅಂಗಡಿಯಲ್ಲಿ ಕೊಂಕಣಿ, ಮೀನುಗಾರ ಖಾರ್ವಿಗಳಲ್ಲಿ ಅದರದೇ ಇನ್ನೊಂದು ಬಗೆ. ದಕ್ಷಿಣಕ್ಕೆ ಭಟ್ಕಳಕ್ಕೆ ಹೋದರೆ ಅರಬ್ಬೀ ಪಾರಸೀ ಶಬ್ದಗಳು ಬೆರೆತ, ಪಾರಸೀ ಲಿಪಿಯಲ್ಲಿ ಬರೆಯುವ ನವಾಯತಿ. ಇಲ್ಲಿ ಗುಪ್ತಭಾಷೆಯೊಂದನ್ನು ಹೊಸದಾಗಿ ಕಟ್ಟಬೇಕಾದದ್ದಿಲ್ಲ. ಪರಸ್ಥಳದವನೊಬ್ಬ ಬಂದು ನಿಂತರೆ ಸಾಕು, ಮನೆಮಾತೇ ಗುಪ್ತಭಾಷೆಯಾಗುತ್ತದೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಗುಟ್ಟಿನ ನುಡಿ ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂಬುದನ್ನು ನೋಡದೆ ಅದರ ಒಳಿತು ಕೆಡುಕನ್ನು ಹೇಳಲಾಗದು.

ಈ ವಿದ್ಯೆ ನಮ್ಮಲ್ಲಿ ಪ್ರಾಚೀನವಾದುದು. ಮಹಾಭಾರತದ ಆದಿಪರ್ವದಲ್ಲಿ, ಪಾಂಡವರು ವಾರಣಾವತಕ್ಕೆ ಹೊರಟಾಗ, ವಿದುರನು ಧರ್ಮರಾಯನಿಗೆ ನೆರೆದ ಜನಕ್ಕೆ ತಿಳಿಯದ ಮಾತಿನಲ್ಲಿ ಎಚ್ಚರಿಕೆ ಕೊಡುತ್ತಾನೆ. ಕಾಡನ್ನು ಸುಡುವ ಬೆಂಕಿ ಬಿಲದೊಳಗಿನ ಪ್ರಾಣಿಯನ್ನು ಸುಡಲಾರದು ಎಂಬುದು ಅದರಲ್ಲೊಂದು ಒಗಟು. ಜೊತೆಯಲ್ಲಿದ್ದ ಕುಂತಿಗೂ ಅದು ಅರ್ಥವಾಗದೆ, ಆಮೇಲೆ ಮಗನನ್ನು ಕೇಳಿ ತಿಳಿಯಬೇಕಾಯಿತು. ಅರಗಿನ ಮನೆಯಿಂದ ಆರು ಜೀವಗಳು ಪಾರಾದದ್ದು ಆ ಮಾತಿನ ಬಲದಿಂದ. ವಾತ್ಸ್ಯಾಯನನು 64 ಕಲೆಗಳಲ್ಲಿ ‘ಮ್ಲೇಚ್ಛಿತ ವಿಕಲ್ಪ’ವನ್ನೂ ಎಣಿಸಿದ್ದಾನೆ. ಅಕ್ಷರಗಳನ್ನು ಅದಲುಬದಲು ಮಾಡಿ ಮಾತನ್ನು ಮರೆಮಾಚುವ ವಿಧಾನಗಳನ್ನು ಅವನ ವ್ಯಾಖ್ಯಾನಕಾರನಾದ ಯಶೋಧರನು ವಿವರಿಸುತ್ತಾನೆ. ನಮ್ಮ ಮಕ್ಕಳು ಪ್ರತಿಯೊಂದು ಅಕ್ಷರಕ್ಕೂ ‘ಕ’ ಹಚ್ಚಿ, ‘ನೀನು ಬಾ’ ಎಂಬುದನ್ನು ‘ಕನೀಕನು ಕಬಾ’ ಎನ್ನುವ ಆಟದ ಭಾಷೆ ಈ ಕಲೆಯ ಕಿರಿಯ ತಂಗಿ.

ಆದರೆ ಭಾಷೆಯ ಮರೆಗೆ ಒಂದು ಅಪಾಯವುಂಟು. ಎದುರಿಗಿರುವವನಿಗೆ ಆ ನುಡಿ ಬರುವುದೋ ಇಲ್ಲವೋ ಎಂಬುದನ್ನು ಮುಖ ನೋಡಿ ಹೇಳಲಾಗುವುದಿಲ್ಲ. 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಕಾರವಾರದೆದುರಿನ ಅಂಜುದೀವದಲ್ಲಿ ತಂಗಿದ್ದಾಗ, ಸುಮಾರು 40 ವರ್ಷದ ಒಬ್ಬನು ಅಲ್ಲಿಗೆ ಬಂದನು. ಈ ತೀರದಲ್ಲಿ ಯಾರೂ ನಿರೀಕ್ಷಿಸದಿದ್ದ ವೆನಿಸ್ಸಿನ ಭಾಷೆ ಅವನಿಗೆ ಚೆನ್ನಾಗಿ ಬರುತ್ತಿತ್ತು! ಪೋರ್ಚುಗೀಸರು ಸಂಶಯಪಟ್ಟು ಹಿಂಸಿಸಿದಾಗ, ತಾನು ಗೋವೆಯ ದೊರೆಯ ಕಡೆಯವನೆಂದು ಒಪ್ಪಿಕೊಂಡನು. ಅವನೇ ಮುಂದೆ ಗಾಸ್ಪರ್ ಡ ಗಾಮ ಎಂಬ ಹೆಸರಿನಿಂದ ಪೋರ್ಚುಗೀಸರಿಗೆ ದುಭಾಷಿಯಾದನು. ಅವರು ದುಭಾಷಿಯನ್ನು ಕರೆಯುತ್ತಿದ್ದ ಹೆಸರು ‘ಲಿಂಗುವಾ’, ಎಂದರೆ ನಾಲಗೆ.

ಕೆಲವು ವರ್ಷಗಳ ಬಳಿಕ ಇದೇ ಕರಾವಳಿಯಲ್ಲಿ ಇಟಲಿಯ ಲುದೊವಿಕೊ ದಿ ವರ್ತೆಮಾ ಎಂಬ ಪ್ರವಾಸಿ ಸಂಚರಿಸಿದನು. ಅರಬ್ಬೀ ಬಲ್ಲವನಾಗಿ, ಮುಸಲ್ಮಾನನ ವೇಷದಲ್ಲಿದ್ದ ಅವನು ಭಟ್ಕಳ, ಹೊನ್ನಾವರಗಳನ್ನು ಕಂಡು, 1505ರ ಸುಮಾರಿಗೆ ಕಲ್ಲಿಕೋಟೆಯಲ್ಲಿದ್ದಾಗ, ಸಾಮೂದ್ರಿ ಅರಸನಿಗೆ ಫಿರಂಗಿ ಎರೆದು ಕೊಡುತ್ತಿದ್ದ ಇಬ್ಬರು ಮಿಲಾನಿನವರನ್ನು ಸಂಧಿಸಿದನು. ವರ್ಷಗಟ್ಟಲೆ ಆಡದಿದ್ದ ತನ್ನ ನುಡಿಯನ್ನು ಆಡಹೋದಾಗ ನಾಲಗೆ ದಪ್ಪವಾಗಿ ತೊಡರಿದಂತಾಯಿತೆಂದು ಅವನೇ ಬರೆದಿದ್ದಾನೆ. ವರ್ತೆಮಾ ಕಣ್ಣಾನೂರಿಗೆ ಪಾರಾಗಿ, ಸಾಮೂದ್ರಿಯ ನೌಕಾಸಿದ್ಧತೆಯ ಸುದ್ದಿಯನ್ನು ಪೋರ್ಚುಗೀಸರಿಗೆ ಮುಟ್ಟಿಸಿದನು. ಹಿಂದೆ ಉಳಿದ ಆ ಇಬ್ಬರು ಕೊಲೆಯಾದರು. ಗುಟ್ಟಿನ ಭಾಷೆಗೆ ಇಷ್ಟು ಬೆಲೆಯೂ ಉಂಟು.

1510ರಲ್ಲಿ ರೋಮಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವರ್ತೆಮಾ ಇನ್ನೊಂದು ಭಾಷೆಯನ್ನು ವರ್ಣಿಸಿದ್ದಾನೆ. ಅದಕ್ಕೆ ನಾಲಗೆಯೇ ಬೇಡ. ಕಲ್ಲಿಕೋಟೆಯ ಸಗಟು ವ್ಯಾಪಾರದಲ್ಲಿ ವರ್ತಕರು ಸುತ್ತ ನೆರೆದಿರಲು, ದಲ್ಲಾಳಿಯು ಒಂದು ವಸ್ತ್ರವನ್ನು ಹಿಡಿದು, ಅದರ ಮರೆಯಲ್ಲಿ ಮಾರುವವನ ಬೆರಳುಗಳನ್ನು ಮುಟ್ಟಿ ಬೆಲೆ ತಿಳಿಯುವನು. ಹಾಗೆಯೇ ಕೊಳ್ಳುವವನ ಬೆರಳು ಮುಟ್ಟಿ ಬೆಲೆ ತಿಳಿಸುವನು. ಲಕ್ಷದವರೆಗಿನ ಲೆಕ್ಕವೂ ತುಟಿ ಅಲುಗದೆ ಮುಗಿಯುತ್ತಿತ್ತು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ನಡೆಯುವ ಚೌಕಾಶಿಯನ್ನು ಕಂಡವರಿಗೆ ಈ ವರ್ಣನೆ ಹಳೆಯದೆನಿಸದು.

ವರ್ತೆಮಾ ಕಂಡ ವ್ಯಾಪಾರದಲ್ಲಿ ಮಾರುವವನ ಕೈಯೂ ಬಟ್ಟೆಯೊಳಗಿತ್ತು. ದೇಶದ ಅನೇಕ ಪೇಟೆಗಳಲ್ಲಿ ರೈತನು ಮಾಲನ್ನು ದಲ್ಲಾಳಿಯ ವಶಕ್ಕೆ ಕೊಟ್ಟ ಮೇಲೆ, ಒಳಗಿದ್ದ ಎರಡು ಕೈಗಳೂ ಪೇಟೆಯವರದಾದವು. ವರ್ಷವಿಡೀ ದುಡಿದವನು ತನ್ನ ಬೆಳೆಯ ಬೆಲೆಯನ್ನು ಕೊನೆಯಲ್ಲಿ ಕೇಳಿ ತಿಳಿಯಬೇಕು. ಬೇರೆ ಯಾರು ಎಷ್ಟು ಕೇಳಿದರೆಂಬುದು ಅವನಿಗೆ ಗೊತ್ತಾಗುವ ಬಗೆಯಿಲ್ಲ. ವಿದುರನ ಒಗಟಿನ ಹೊರಗೆ ನಿಂತವರು ಕೊಲ್ಲಬಯಸಿದವರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸುಮಾರು 400 ಮಂದಿ ನವಾಹೊ ಯೋಧರು ತಮ್ಮ ಮಾತೃಭಾಷೆಯಲ್ಲಿ ಸುದ್ದಿ ಕಳುಹಿಸಿ, ಜಲಾಂತರ್ಗಾಮಿಯನ್ನು ‘ಕಬ್ಬಿಣದ ಮೀನು’ ಎಂದು ಕರೆದಾಗ ಹೊರಗೆ ನಿಂತವರು ಶತ್ರುಗಳು. ಬಟ್ಟೆಯ ಹೊರಗೆ ನಿಂತವನಾದರೋ ಮಾಲಿನ ಒಡೆಯನೇ.

ಆ ಬಟ್ಟೆಯನ್ನು ಸರಿಸಿದ್ದು ಬೆಳೆಗಾರರ ಸಂಘಟನೆ ಮತ್ತು ಕಾಯಿದೆ. ಅಘನಾಶಿನಿ ಹುಟ್ಟುವ ಶಿರಸಿಯಲ್ಲಿಯೇ 1923ರಲ್ಲಿ ತೋಟಗಾರರು ತಮ್ಮ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡರು. 1966ರ ರಾಜ್ಯದ ಕೃಷಿ ಮಾರುಕಟ್ಟೆ ಕಾಯಿದೆ ಬಹಿರಂಗ ಹರಾಜು ಮತ್ತು ಟೆಂಡರುಗಳ ಮಾರಾಟವನ್ನು ವಿಧಿಸಿತು. ಬೆಲೆಯನ್ನು ಎಲ್ಲರೂ ಕೇಳುವಂತೆ ಕೂಗುವುದು ಸಣ್ಣ ಸಂಗತಿಯೆಂದು ತೋರಬಹುದು. ಬೆರಳುಗಳ ಆ ನುಡಿ ಕಲಿಯದ ಬೆಳೆಗಾರನಿಗೆ, ತನ್ನ ಅಡಿಕೆಗೆ ಯಾರು ಎಷ್ಟು ಕೊಡಬಂದರೆಂದು ಅಲ್ಲಿಯೇ ನಿಂತು ತಿಳಿಯುವ ಹಕ್ಕು ದೊರೆತದ್ದು ಆ ಕೂಗಿನಿಂದಲೇ.