ಜಪಾನಿ-ಅಮೆರಿಕನ್ ಕುಟುಂಬಕಥನ: ಮಕ್ಕಳ ಪುಸ್ತಕಗಳಲ್ಲಿ

ಅಮೆರಿಕದಲ್ಲಿ ನೆಲೆಸಿದ ಜಪಾನಿ ಮನೆತನಗಳ ನೆನಪುಗಳಿಂದ ಹುಟ್ಟಿದ ಮಕ್ಕಳ ಪುಸ್ತಕಗಳ ಪರಂಪರೆ. ಇದರ ಆರಂಭವನ್ನು ಎಲ್ಲಿಂದ ಗುರುತಿಸಬೇಕೆಂಬುದರಲ್ಲಿ ಒಮ್ಮತವಿಲ್ಲ. 1942ರ ಫೆಬ್ರವರಿ 19ರ ಅಧ್ಯಕ್ಷೀಯ ಆದೇಶ 9066ರ ಪರಿಣಾಮವಾಗಿ ಜಪಾನಿ ಮೂಲದ ಸುಮಾರು 1,20,000 ಮಂದಿ ಬಂಧನ ಶಿಬಿರಗಳ ಪಾಲಾದರು. ಆ ಪ್ರಸಂಗವನ್ನು ಎಳೆಯರಿಗೆ ಹೇಳಿದ ‘ದಿ ಮೂವ್ಡ್-ಔಟರ್ಸ್’ (1945) ಬರೆದ ಫ್ಲಾರೆನ್ಸ್ ಕ್ರ್ಯಾನೆಲ್ ಮೀನ್ಸ್ ಜಪಾನಿ ಮೂಲದವರಲ್ಲ. ಟಾರೊ ಯಾಶಿಮಾರ ಜನಪ್ರಿಯ ‘ಕ್ರೋ ಬಾಯ್’ (1955) ನಡೆಯುವುದು ಜಪಾನಿನ ಹಳ್ಳಿಯಲ್ಲಿ. ಶಿಬಿರವಾಸ ಅನುಭವಿಸಿದ ಹಲವು ಮನೆಗಳಲ್ಲಂತೂ ಹಿರಿಯರು ದಶಕಗಳ ಕಾಲ ಆ ಮಾತನ್ನೇ ಎತ್ತಲಿಲ್ಲ.

ಆ ಮೌನ ಮುರಿದ ಮುಖ್ಯ ಕೃತಿ ಯೋಶಿಕೊ ಉಚಿಡಾರ ‘ಜರ್ನಿ ಟು ಟೋಪಾಝ್’ (1971). ಇದನ್ನು ನೇರ ಆತ್ಮಕಥೆಯೆಂದು ಓದುವುದು ತಪ್ಪು. ಸ್ಥಳಾಂತರದ ವೇಳೆ ಉಚಿಡಾ 20ರ ಹರೆಯದ ಬರ್ಕ್ಲಿ ವಿದ್ಯಾರ್ಥಿನಿ. ಕಥೆಯ ಯೂಕಿಗೆ 11 ವರ್ಷ. ಉಚಿಡಾಗೆ ಇದ್ದದ್ದು ಅಕ್ಕ, ಯೂಕಿಗೆ ಅಣ್ಣ. ಪರ್ಲ್ ಹಾರ್ಬರ್ ದಾಳಿಯ ದಿನವೇ ನಡೆದ ತಂದೆಯ ಬಂಧನ, ಟ್ಯಾನ್‌ಫೊರಾನ್ ರೇಸ್‌ಕೋರ್ಸಿನ ಕುದುರೆ ಲಾಯದ ವಾಸ, ಯೂಟಾ ಮರುಭೂಮಿಯ ಟೋಪಾಝ್ ಶಿಬಿರದ ದೂಳು ಮಾತ್ರ ಅನುಭವದ್ದೇ. ಬೇಲಿಯ ಬಳಿ ಕಾವಲುಗಾರನ ಗುಂಡಿಗೆ ಮುದುಕನೊಬ್ಬ ಬಲಿಯಾಗುವ ಅಧ್ಯಾಯದ ಹಿಂದೆಯೂ ನಿಜಘಟನೆಯಿದೆ: 1943ರ ಏಪ್ರಿಲ್ 11ರಂದು ಟೋಪಾಝ್‌ನಲ್ಲಿ 63 ವರ್ಷದ ಜೇಮ್ಸ್ ವಕಾಸಾ ಹೀಗೆಯೇ ಸತ್ತರು. ಗುಂಡು ಹಾರಿಸಿದ ಸೈನಿಕ ಸೇನಾ ವಿಚಾರಣೆಯಲ್ಲಿ ಖುಲಾಸೆಯಾದ. ಉಚಿಡಾ ದೊಡ್ಡವರಿಗಾಗಿ ಬರೆದ ‘ಡೆಸರ್ಟ್ ಎಕ್ಸೈಲ್’ (1982) ಬಂದ ಮೇಲೆ ನೆನಪು ಯಾವುದು, ಕಟ್ಟಿದ್ದು ಯಾವುದು ಎಂದು ಹೋಲಿಸಿ ನೋಡುವುದು ಸುಲಭವಾಯಿತು.

ಜೀನ್ ವಕತ್ಸುಕಿ ಹ್ಯೂಸ್ಟನ್ ಪತಿಯೊಡನೆ ಬರೆದ ‘ಫೇರ್‌ವೆಲ್ ಟು ಮಂಝಾನಾರ್’ (1973) ಶಾಲಾಪಠ್ಯವಾಗಿದ್ದರಿಂದಲೇ ಮಕ್ಕಳ ಪುಸ್ತಕವೆನಿಸಿಕೊಂಡಿದೆ. 1988ರ ಕಾಯಿದೆ ಕ್ಷಮೆಯಾಚನೆಯೊಂದಿಗೆ ಶಿಬಿರವಾಸಿಗಳಲ್ಲಿ ಆಗ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಮುಂದಿನ ದಶಕದಲ್ಲಿ ಚಿತ್ರಪುಸ್ತಕಗಳು ಮುನ್ನೆಲೆಗೆ ಬಂದವು. ಆಲನ್ ಸೇ ‘ಗ್ರ್ಯಾಂಡ್‌ಫಾದರ್ಸ್ ಜರ್ನಿ’ಗೆ (1993) ಕಾಲ್ಡೆಕಾಟ್ ಪದಕ ಪಡೆದರು. ಕೆನ್ ಮೋಚಿಝುಕಿಯವರ ‘ಬೇಸ್‌ಬಾಲ್ ಸೇವ್ಡ್ ಅಸ್’ (1993) ಕೃತಿಯನ್ನು ಈ ಪರಂಪರೆಗೆ ಸೇರಿಸುವಾಗ ಎಚ್ಚರ ಬೇಕು. ಅವರ ತಂದೆತಾಯಿ ಮಿನಿಡೋಕಾ ಶಿಬಿರದಲ್ಲಿದ್ದದ್ದು ಹೌದು, ಕಥೆಯ ಬೀಜ ಮಾತ್ರ ಪ್ರಕಾಶಕರು ಕಳಿಸಿಕೊಟ್ಟ ಪತ್ರಿಕಾ ಲೇಖನದ್ದು.

ಇತ್ತೀಚಿನ ವಿವಾದ ಕಥೆಯದ್ದಲ್ಲ, ಟಿಪ್ಪಣಿಯದ್ದು. ಮ್ಯಾಗಿ ಟೋಕುಡಾ-ಹಾಲ್ ಮಿನಿಡೋಕಾದ ಗ್ರಂಥಾಲಯದಲ್ಲಿ ಚಿಗುರಿದ ಅಜ್ಜ-ಅಜ್ಜಿಯ ಪ್ರೇಮವನ್ನು ‘ಲವ್ ಇನ್ ದ ಲೈಬ್ರರಿ’ಯಲ್ಲಿ (2022) ಹೇಳಿದ್ದರು. 2023ರಲ್ಲಿ ಸ್ಕೊಲಾಸ್ಟಿಕ್ ಪ್ರಕಾಶನ ಸಂಸ್ಥೆ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಳ್ಳಲು ಮುಂದಾಯಿತಾದರೂ, ಲೇಖಕಿಯ ಟಿಪ್ಪಣಿಯಲ್ಲಿ ಜನಾಂಗೀಯ ದ್ವೇಷದ ಪ್ರಸ್ತಾಪವಿದ್ದ ಭಾಗವನ್ನು ತೆಗೆಯಬೇಕೆಂದು ಕೇಳಿತು. ಅವರು ನಿರಾಕರಿಸಿ, ವಿಷಯವನ್ನು ಬಹಿರಂಗಪಡಿಸಿದರು. ಸಂಸ್ಥೆ ಕ್ಷಮೆ ಕೋರಿ, ಟಿಪ್ಪಣಿಯನ್ನು ಇದ್ದಂತೆಯೇ ಅಚ್ಚು ಹಾಕುವುದಾಗಿ ಹೇಳಿದರೂ ಲೇಖಕಿ ಒಪ್ಪಲಿಲ್ಲ.