ಕಾಲಿದ್ದಷ್ಟು ಹಾಸಿಗೆ: ಸೈಕಲ್ ಫ್ರೇಮಿನ ಅಳತೆಯ ಕಥೆ

ಭಾನುವಾರ ನಸುಕಿನಲ್ಲಿ ಗಂಡಿಪೇಟೆ ಕೆರೆಯ ಕಡೆಗೆ ಹೋದರೆ ಹೈದರಾಬಾದಿನ ಸೈಕಲ್ ಸವಾರರು ಗುಂಪುಗುಂಪಾಗಿ ಎದುರಾಗುತ್ತಾರೆ. ರಸ್ತೆಯ ಅಂಚಿಗೆ ನಿಂತು ಅವರು ಕುಳಿತ ಭಂಗಿಯನ್ನು ಗಮನಿಸಿ. ಒಬ್ಬನ ಬೆನ್ನು ಮುಂದಕ್ಕೆ ಬಾಗಿದ್ದರೂ ಸಡಿಲವಾಗಿರುತ್ತದೆ, ಮೊಣಕೈ ತುಸು ಮಡಿಚಿರುತ್ತದೆ, ಕಾಲುಗಳು ಒಂದೇ ಸಮನೆ ತಿರುಗುತ್ತಿರುತ್ತವೆ. ಇನ್ನೊಬ್ಬನ ತೋಳು ಕೋಲಿನಂತೆ ಸೆಟೆದಿರುತ್ತದೆ, ಭುಜ ಕಿವಿಯವರೆಗೆ ಏರಿರುತ್ತದೆ, ಆಗಾಗ ಒಂದು ಕೈಯನ್ನು ಹ್ಯಾಂಡಲಿನಿಂದ ಎತ್ತಿ ಜೋಮು ಹಿಡಿದ ಬೆರಳುಗಳನ್ನು ಕೊಡವುತ್ತಾನೆ. ಎರಡನೆಯವನ ಸೈಕಲ್ ಮೊದಲನೆಯವನದಕ್ಕಿಂತ ಅಗ್ಗದ್ದೇ ಆಗಿರಬೇಕೆಂದಿಲ್ಲ. ಅದರ ಅಳತೆ ಅವನದಲ್ಲ, ಅಷ್ಟೆ.

ಮೂರು ವರ್ಷ ನಾನು ಆ ಎರಡನೆಯವನಾಗಿದ್ದೆ. ಐದೂವರೆ ಅಡಿಗೂ ಕೊಂಚ ಕಡಿಮೆ ಎತ್ತರದ ನಾನು ಕೊಂಡದ್ದು 56 ಸೆಂಟಿಮೀಟರ್ ಫ್ರೇಮಿನ ರೋಡ್ ಬೈಕ್. ಅಂಗಡಿಯಲ್ಲಿ ಉಳಿದಿದ್ದುದು ಅದೊಂದೇ, ಬೆಲೆಯನ್ನೂ ಇಳಿಸಿದ್ದರು. ಸೀಟು ತಗ್ಗಿಸಿದರೆ ಸರಿಹೋಗುತ್ತದೆ ಎಂದರು, ನಂಬಿದೆ. ಸೀಟು ತಗ್ಗಿತು, ಆದರೆ ಹ್ಯಾಂಡಲ್ ಹತ್ತಿರ ಬರಲಿಲ್ಲ. ಆರು ತಿಂಗಳಲ್ಲಿ ಕಿರುಬೆರಳು ಮತ್ತು ಉಂಗುರಬೆರಳಿಗೆ ಜೋಮು, ವರ್ಷ ತುಂಬುವಷ್ಟರಲ್ಲಿ ಕುತ್ತಿಗೆ ನೋವು. ಸೈಕಲ್ ಬಿಟ್ಟುಬಿಡಿ ಎಂದು ವೈದ್ಯರು ಹೇಳಿದಾಗಲೂ ನಾನು ಹೇಳಿದ್ದು ಒಂದೇ ಮಾತು: ಅಭ್ಯಾಸವಾದರೆ ಸರಿಹೋಗುತ್ತದೆ. ಈ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು ಎಂದು ಹುಡುಕಿದಾಗ ತೆರೆದುಕೊಂಡ ಇತಿಹಾಸವೇ ಈ ಬರಹದ ವಿಷಯ.

ಸೈಕಲ್ಲಿಗೆ ಮೈಯನ್ನು ಹೊಂದಿಸುವುದು ಮೊದಲಿನಿಂದ ಬಂದ ಪದ್ಧತಿಯಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಎತ್ತರದ ಮುಂಗಾಲಿಯ ಸೈಕಲ್ಲಿನಲ್ಲಿ ಪೆಡಲುಗಳು ನೇರವಾಗಿ ಮುಂಗಾಲಿಗೇ ಕೂಡಿಕೊಂಡಿದ್ದವು, ಚೈನು ಇರಲಿಲ್ಲ. ಗಾಲಿ ಎಷ್ಟು ದೊಡ್ಡದೋ ಒಂದು ಸುತ್ತಿಗೆ ಅಷ್ಟು ದೂರ. ಆದರೆ ಗಾಲಿ ದೊಡ್ಡದಾದಷ್ಟೂ ಪೆಡಲು ಸವಾರನಿಂದ ದೂರವಾಗುತ್ತದೆ. ಹಾಗಾಗಿ ಒಬ್ಬನ ಕಾಲು ಮುಟ್ಟುವಷ್ಟೇ ಅವನ ಗಾಲಿ. 48ರಿಂದ 60 ಇಂಚಿನವರೆಗೆ ಗಾಲಿಗಳನ್ನು ಮಾಡಿ, ಗಿರಾಕಿಯ ಕಾಲಿನ ಒಳಅಳತೆ ನೋಡಿ ಮಾರುತ್ತಿದ್ದರು. ದರ್ಜಿ ಪಾಯಿಜಾಮೆಗೆ ಅಳತೆ ತೆಗೆದುಕೊಂಡಂತೆಯೇ ಅದು. 1884ರಲ್ಲಿ ಹೊರಟು ಸೈಕಲ್ ಮೇಲೆ ಮೊದಲ ಬಾರಿಗೆ ಭೂಪ್ರದಕ್ಷಿಣೆ ಮಾಡಿದ ಥಾಮಸ್ ಸ್ಟೀವನ್ಸ್ 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಬಂದದ್ದು 50 ಇಂಚಿನ ಗಾಲಿಯ ಮೇಲೆ.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ‘ಸೇಫ್ಟಿ’ ಸೈಕಲ್ ಈ ಸಂಬಂಧವನ್ನು ಬದಲಿಸಿತು. ಚೈನು ಬಂದ ಮೇಲೆ ಗಾಲಿಗೂ ಕಾಲಿಗೂ ನೇರ ನಂಟು ಉಳಿಯಲಿಲ್ಲ. ಎರಡು ಸಮಾನ ಗಾಲಿಗಳ ನಡುವೆ ಕೊಳವೆಗಳ ಚೌಕಟ್ಟು ನಿಂತಿತು. ಇಂದಿಗೂ ನಾವು ನೋಡುವ ವಜ್ರಾಕೃತಿಯ ಫ್ರೇಮ್ ಕೆಲವೇ ವರ್ಷಗಳಲ್ಲಿ ನೆಲೆಗೊಂಡಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ ಮೇಲೆ ಸೈಕಲ್ ಸಾಮಾನ್ಯರ ವಾಹನವಾಯಿತು. ಸಾವಿರಗಟ್ಟಲೆ ಸೈಕಲ್ ತಯಾರಿಸುವ ಕಾರ್ಖಾನೆಗೆ ಒಬ್ಬೊಬ್ಬರ ಕಾಲು ಅಳೆಯುವ ವ್ಯವಧಾನವಿರಲಿಲ್ಲ. ಸೀಟಿನ ಕೆಳಗಿನ ಕೊಳವೆಯ ಉದ್ದವನ್ನು ಇಂಚುಗಳಲ್ಲಿ ಹೇಳಿ, ಕೆಲವೇ ಅಳತೆಗಳಲ್ಲಿ ಮಾಡಿಟ್ಟರೆ ಸಾಕೆನಿಸಿತು. ಉಳಿದದ್ದು ಸೀಟನ್ನು ಏರಿಸುವುದಕ್ಕೆ, ಇಳಿಸುವುದಕ್ಕೆ ಬಿಟ್ಟದ್ದು.

ಈ ಇಂಚುಗಳೇ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದವು. ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್, ನಾಟಿಂಗ್‌ಹ್ಯಾಮಿನ ರ‍್ಯಾಲೆ ಸೈಕಲ್‌ಗಳು ಇಲ್ಲಿ ಮನೆಮಾತಾದವು. ಸ್ವಾತಂತ್ರ್ಯಾನಂತರ ಕಾರ್ಖಾನೆಗಳು ನಮ್ಮವಾದವು: ಮದರಾಸಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್, ಆಸನಸೋಲಿನಲ್ಲಿ ಸೆನ್-ರ‍್ಯಾಲೆ, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ. ಅಳತೆ ಮಾತ್ರ ಇಂಗ್ಲೆಂಡಿನದೇ ಉಳಿಯಿತು. 28 ಇಂಚಿನ ಗಾಲಿ, 22 ಅಥವಾ 24 ಇಂಚಿನ ಫ್ರೇಮ್. ದೊಡ್ಡ ಗಾಲಿ ಕೆಟ್ಟ ರಸ್ತೆಯ ಗುಂಡಿಗಳನ್ನು ಸಲೀಸಾಗಿ ದಾಟುತ್ತಿತ್ತು, ಗಟ್ಟಿ ಚೌಕಟ್ಟು ಹಾಲಿನ ಕ್ಯಾನು, ಅಕ್ಕಿಯ ಮೂಟೆ, ಹೆಂಡತಿ ಮಕ್ಕಳೆಲ್ಲರ ಭಾರವನ್ನೂ ಹೊರುತ್ತಿತ್ತು. ಅದರ ಯೋಗ್ಯತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. 22 ಇಂಚಿನ ಅಂಥ ಸೈಕಲ್ಲಿನ ಅಡ್ಡಕಂಬಿ ನೆಲದಿಂದ ಸುಮಾರು 32 ಇಂಚು ಎತ್ತರದಲ್ಲಿರುತ್ತದೆ, 24 ಇಂಚಿನದರಲ್ಲಿ ಸುಮಾರು 34. ಐದಡಿ ಐದಂಗುಲದ ಗಂಡಸಿನ ಕಾಲಿನ ಒಳಅಳತೆ 30 ಇಂಚಿನ ಆಸುಪಾಸು. ಅಡ್ಡಕಂಬಿಯ ಎರಡೂ ಬದಿಗೆ ಪಾದವನ್ನು ಪೂರ್ತಿ ಊರಿ ನಿಲ್ಲುವುದು ಅವನಿಗೆ ಸಾಧ್ಯವೇ ಇರಲಿಲ್ಲ.

1956ರವರೆಗೆ ಹೈದರಾಬಾದ್ ಎಂದರೆ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿ. ಓದಿಗೆ, ನೌಕರಿಗೆ, ಕೋರ್ಟು ಕಚೇರಿಗೆ ಇಲ್ಲಿಗೇ ಬರಬೇಕಿತ್ತು. ನಮ್ಮ ತಂದೆ ಐವತ್ತರ ದಶಕದ ಮೊದಲಲ್ಲಿ ರಾಯಚೂರಿನಿಂದ ಹಾಗೆ ಬಂದವರು. ಕಾಚಿಗುಡದಲ್ಲಿ ಕೋಣೆ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದು, ನಡುವೆ 24 ಇಂಚಿನ ಸೆಕೆಂಡ್ ಹ್ಯಾಂಡ್ ಸೈಕಲ್. ಕುಳ್ಳಗಿದ್ದ ಅವರಿಗೆ ಸೀಟನ್ನು ಪೂರ್ತಿ ಇಳಿಸಿದರೂ ಪೆಡಲು ಕೆಳಗೆ ಹೋದಾಗ ಸೊಂಟ ಆ ಬದಿಗೆ ಜಾರುತ್ತಿತ್ತಂತೆ. ನಿಲ್ಲಬೇಕಾದರೆ ಫುಟ್‌ಪಾತಿನ ಕಲ್ಲನ್ನೋ ಯಾವುದಾದರೂ ಕಟ್ಟೆಯನ್ನೋ ಹುಡುಕಬೇಕು, ಇಲ್ಲವೇ ಹಿಂದಿನಿಂದ ಕಾಲು ತಿರುಗಿಸಿ ಇಳಿದುಬಿಡಬೇಕು.

ಒಂದು ಪೀಳಿಗೆಯೇ ಇಂಥ ಉಪಾಯಗಳನ್ನು ವಿದ್ಯೆಯಾಗಿ ಬೆಳೆಸಿತು. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಮೂರು ಸಲ ಒದ್ದು, ಓಟ ಸಿಕ್ಕ ಮೇಲೆ ಕ್ಯಾರಿಯರಿನ ಹಿಂದಿನಿಂದ ಕಾಲೆತ್ತಿ ಸೀಟಿಗೆ ಏರುವ ಆ ಠೀವಿ ಎತ್ತರದ ಅಡ್ಡಕಂಬಿಗೆ ನಾವು ಕಂಡುಕೊಂಡ ಉತ್ತರ. ಮಕ್ಕಳ ಉತ್ತರ ಇನ್ನೂ ಜಾಣತನದ್ದು. ಬಾಡಿಗೆ ಸೈಕಲ್ ತಂದು, ಅಡ್ಡಕಂಬಿಯ ಕೆಳಗಿನಿಂದ ಕಾಲು ತೂರಿಸಿ, ಮೈಯನ್ನು ಒಂದು ಬದಿಗೆ ವಾಲಿಸಿ ಹೊಡೆಯುವುದು. ನಮ್ಮಲ್ಲಿ ಅದು ಒಳಪೆಡಲು, ಹಿಂದಿ-ಉರ್ದು ಮಾತಿನವರಲ್ಲಿ ‘ಕೈಂಚಿ’, ಎಂದರೆ ಕತ್ತರಿ. ಎರಡೂ ಭಾಷೆಗಳಲ್ಲಿ ಇದಕ್ಕೆ ಬೇರೆಯದೇ ಹೆಸರು ಹುಟ್ಟಿತೆಂದರೆ ಅಳತೆ ತಪ್ಪಿದ ಸೈಕಲ್ ಎಷ್ಟು ಸಹಜವಾಗಿತ್ತೆಂದು ಊಹಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಸೈಕಲ್ಲಿಗೂ ಅನ್ವಯಿಸಿಕೊಂಡಿದ್ದೆವು.

ಸೀರೆ ಉಟ್ಟವರಿಗೆ, ಲಂಗ ತೊಟ್ಟವರಿಗೆ ಈ ಠೀವಿಯ ಏರಿಳಿತ ಸಾಧ್ಯವಿರಲಿಲ್ಲ. ಅವರಿಗಾಗಿ ಅಡ್ಡಕಂಬಿ ಬಾಗಿದ ‘ಲೇಡೀಸ್ ಸೈಕಲ್’ ಇತ್ತು. ಅದು ಉಡುಪನ್ನು ನೋಡಿ ಮಾಡಿದ್ದೇ ಹೊರತು ತೋಳು, ಕಾಲು, ಭುಜಗಳ ಅಳತೆ ನೋಡಿ ಮಾಡಿದ್ದಲ್ಲ. ಕಡಿಮೆ ಎತ್ತರದ ಹೆಂಗಸರಿಗೆ ಮುಂಗಾಲಿಯನ್ನೇ ಚಿಕ್ಕದು ಮಾಡಿ ಫ್ರೇಮನ್ನು ಗಿಡ್ಡವಾಗಿಸಿದ ಸೈಕಲ್‌ಗಳು ವ್ಯಾಪಾರಕ್ಕೆ ಬಂದದ್ದು ಅಮೆರಿಕದ ಜಾರ್ಜೀನಾ ಟೆರಿ 1985ರಲ್ಲಿ ತಮ್ಮ ಕಂಪನಿ ತೆರೆದಾಗ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದು ಹಳ್ಳಿಯ ಹುಡುಗಿಯರ ಪಾಲಿಗೆ ದೊಡ್ಡ ಸಂಗತಿ. ಒಂದೇ ತರಗತಿಯ ಮಕ್ಕಳ ಎತ್ತರದಲ್ಲಿ ಒಂದಡಿಯ ಅಂತರ ಇರಬಹುದು. ಸೈಕಲ್‌ಗಳಲ್ಲಿ ಮಾತ್ರ ಹುಡುಗರದು, ಹುಡುಗಿಯರದು ಎಂಬ ಎರಡೇ ಭೇದ.

ಕಾಲು ಅಳೆಯುವ ಪದ್ಧತಿ ಮರಳಿ ಬಂದದ್ದು ಪಂದ್ಯದ ಸೈಕಲ್ಲಿನಿಂದ. ಯುರೋಪಿನ ಸಣ್ಣ ಕಮ್ಮಟಗಳಲ್ಲಿ ಒಬ್ಬ ಸವಾರನಿಗೆಂದೇ ಕೊಳವೆ ಕತ್ತರಿಸಿ ಬೆಸೆಯುವ ಕುಶಲಕರ್ಮಿಗಳು ಮೊದಲಿನಿಂದಲೂ ಇದ್ದರು. 1967ರಲ್ಲಿ ಬ್ರಿಟನ್ನಿನ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಇದಕ್ಕೊಂದು ಲೆಕ್ಕ ಕೊಟ್ಟರು: ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ ಇರುವ ದೂರ ಕಾಲಿನ ಒಳಅಳತೆಯ ಶೇಕಡ 109ರಷ್ಟಿದ್ದರೆ ಕಾಲಿನ ಶಕ್ತಿ ಚೆನ್ನಾಗಿ ಬಳಕೆಯಾಗುತ್ತದೆ. ಆಮೇಲೆ ಫ್ರೆಂಚ್ ತರಬೇತುದಾರ ಸಿರಿಲ್ ಗಿಮಾರ್ ಬಳಸಿದ, ಅವರ ಶಿಷ್ಯ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ ಸೂತ್ರ ಬಂತು: ಒಳಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕಿನ ನಡುವಿನಿಂದ ಸೀಟಿನ ಎತ್ತರ, 0.65ರಿಂದ ಗುಣಿಸಿದರೆ ಫ್ರೇಮಿನ ಅಳತೆ.

ಸೂತ್ರಗಳಿಗೆ ಮೀರಿದ್ದೂ ಇತ್ತು. 1969ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಬ್ಲ್ವಾ ಊರಿನ ಸೈಕಲ್ ಓಟದ ಅಂಗಳದಲ್ಲಿ ಎಡ್ಡಿ ಮೆರ್ಕ್ಸ್ ಬಿದ್ದರು. ಅವರ ಮುಂದೆ ಮೋಟಾರ್ ವಾಹನದಲ್ಲಿ ಸಾಗುತ್ತಿದ್ದ ಫೆರ್ನಾಂಡ್ ವಾಂಬ್ಸ್ಟ್ ಅದೇ ಅಪಘಾತದಲ್ಲಿ ತೀರಿಕೊಂಡರು. ಮೆರ್ಕ್ಸ್ ಅವರ ಸೊಂಟದ ಮೂಳೆಗೆ ಬಿದ್ದ ಪೆಟ್ಟು ಪೂರ್ತಿ ವಾಸಿಯಾಗಲಿಲ್ಲ. ಅಲ್ಲಿಂದ ಮುಂದೆ ಸೀಟನ್ನು ಏರಿಸುವುದು, ಇಳಿಸುವುದು ಅವರಿಗೆ ಮುಗಿಯದ ಕೆಲಸವಾಯಿತು. ಜಗತ್ತಿನ ಅತ್ಯುತ್ತಮ ಸವಾರನೇ ಸೀಟಿನ ಅಳತೆಯಲ್ಲಿ ರಾಜಿಯಾಗದಿದ್ದಾಗ ‘ಅಭ್ಯಾಸವಾದರೆ ಸರಿಹೋಗುತ್ತದೆ’ ಎಂಬ ನನ್ನ ಮಾತಿಗೆ ಏನು ಬೆಲೆ?

1990ರ ದಶಕದ ಕೊನೆಗೆ ಕಥೆ ಮತ್ತೆ ತಿರುಗಿತು. ಮೈಕ್ ಬರೋಸ್ ಎಂಬ ವಿನ್ಯಾಸಕಾರ ಜೈಂಟ್ ಕಂಪನಿಗಾಗಿ ಅಡ್ಡಕೊಳವೆ ಹಿಂದಕ್ಕೆ ಇಳಿಜಾರಾಗಿರುವ ಫ್ರೇಮನ್ನು ರೂಪಿಸಿದರು. ಸೀಟಿನ ಕಂಬ ಉದ್ದವಾಯಿತು, ಹತ್ತಾರು ಅಳತೆಗಳ ಜಾಗದಲ್ಲಿ ಅಂಗಿಗಳಿಗಿರುವಂತೆ ಸ್ಮಾಲ್, ಮೀಡಿಯಂ, ಲಾರ್ಜ್ ಬಂದವು. ಅಡ್ಡಕೊಳವೆಯ ಮೇಲೆ ನಿಲ್ಲುವ ಕಷ್ಟ ತಪ್ಪಿತು, ಆದರೆ ಹಳೆಯ ಸಂಖ್ಯೆಯ ಅರ್ಥ ಮಸುಕಾಯಿತು. ಒಂದು ಕಂಪನಿಯ 52 ಇನ್ನೊಂದರ 54ರಂತೆ ಇರಬಹುದು. ಅದಕ್ಕಾಗಿ ಈಗ ತಿಳಿದವರು ನೋಡುವುದು ‘ಸ್ಟ್ಯಾಕ್’ ಮತ್ತು ‘ರೀಚ್’ ಎಂಬ ಎರಡು ಅಳತೆಗಳನ್ನು. ಕ್ರ್ಯಾಂಕಿನ ನಡುಬಿಂದುವಿನಿಂದ ಫ್ರೇಮಿನ ಮುಂತಲೆ ಎಷ್ಟು ಮೇಲಿದೆ ಎಂಬುದು ಮೊದಲನೆಯದು, ಎಷ್ಟು ಮುಂದಿದೆ ಎಂಬುದು ಎರಡನೆಯದು.

ಇಷ್ಟು ತಿಳಿದ ಮೇಲೆ ನಾನು ಮಾಡಿದ ಕೆಲಸ ಸರಳ. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ರಟ್ಟಿನ ಹೊದಿಕೆಯ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನಂತೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಸಿದೆ. 77 ಸೆಂಟಿಮೀಟರ್. ಗಿಮಾರ್ ಸೂತ್ರದಂತೆ ಫ್ರೇಮ್ 50, ಸೀಟಿನ ಎತ್ತರ 68. ಹ್ಯಾಮ್ಲಿ-ಥಾಮಸ್ ಲೆಕ್ಕದಂತೆ, 17 ಸೆಂಟಿಮೀಟರ್ ಕ್ರ್ಯಾಂಕನ್ನು ಕಳೆದರೆ, ಸೀಟಿನ ಎತ್ತರ 67ಕ್ಕೆ ಹತ್ತಿರ. ಎರಡು ಸೂತ್ರಗಳ ನಡುವೆಯೇ ಒಂದು ಸೆಂಟಿಮೀಟರ್ ವ್ಯತ್ಯಾಸ. ಸೂತ್ರ ಆರಂಭಕ್ಕೆ ಮಾತ್ರ, ಮುಂದಿನದನ್ನು ಮೈ ಹೇಳಬೇಕು. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ಹೆಚ್ಚಾಗಿ ತಗ್ಗಿದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ಸೀಟನ್ನು ಒಂದು ಸಲಕ್ಕೆ ಅರ್ಧ ಸೆಂಟಿಮೀಟರಿನಷ್ಟು ಬದಲಿಸಿ ಕೆಲವು ದಿನ ಓಡಿಸಿ ನೋಡುವುದು ಒಳ್ಳೆಯದು.

ಆದರೆ ಫ್ರೇಮನ್ನು ಆರಿಸುವಾಗ ಎತ್ತರಕ್ಕಿಂತ ಉದ್ದ ಮುಖ್ಯ. ಸೀಟು ಏರುತ್ತದೆ, ಇಳಿಯುತ್ತದೆ. ಫ್ರೇಮಿನ ಉದ್ದ ಬದಲಾಗುವುದಿಲ್ಲ. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮನ್ನು ಒಂದೆರಡು ಸೆಂಟಿಮೀಟರ್ ಚಿಕ್ಕದು ಮಾಡಬಹುದು. ಅದಕ್ಕಿಂತ ಹೆಚ್ಚು ಬದಲಿಸಬೇಕಾಗಿ ಬಂದರೆ ಸೈಕಲ್ ತಿರುಗುವ ಗುಣವೇ ಬದಲಾಗುತ್ತದೆ. ಸೀಟನ್ನು ಮುಂದಕ್ಕೆ ಸರಿಸಿ ಹ್ಯಾಂಡಲಿಗೆ ಹತ್ತಿರವಾಗಲು ಹೋದರೆ ಮೊಣಕಾಲಿನ ಸ್ಥಾನ ತಪ್ಪುತ್ತದೆ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರಿಗೆ ಉದ್ದ ಕಾಲು, ಇನ್ನೊಬ್ಬರಿಗೆ ಉದ್ದ ಬೆನ್ನು ಇರಬಹುದು. ಅವರಿಗೆ ಒಂದೇ ಫ್ರೇಮ್ ಒಗ್ಗಲಾರದು. ಎರಡು ಅಳತೆಗಳ ನಡುವೆ ತೂಗುವವರು, ಅದರಲ್ಲೂ ಬೆನ್ನು ಬಿಗಿಯಾಗಿರುವ ನಮ್ಮಂಥ ನಡುವಯಸ್ಕರು, ರೀಚ್ ಕಡಿಮೆಯಿರುವುದನ್ನು ಆರಿಸಿ, ಸ್ಟ್ಯಾಕ್ ಸಾಕಷ್ಟಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ. ಬೆಳೆಯುವ ಮಕ್ಕಳಿಗೆ ಒಂದು ಅಳತೆ ದೊಡ್ಡ ಅಂಗಿ ಕೊಳ್ಳುವ ನಮ್ಮ ಜಾಣತನ ಇಲ್ಲಿ ನಡೆಯದು.

2023ರ ಅಕ್ಟೋಬರಿನಲ್ಲಿ ನಮ್ಮೂರಿನ ಹೊರವರ್ತುಲ ರಸ್ತೆಯ ಬದಿಗೆ ಸೌರಫಲಕಗಳ ಚಾವಣಿಯಡಿ 23 ಕಿಲೋಮೀಟರ್ ಸೈಕಲ್ ಹಾದಿ ತೆರೆಯಿತು. ದಾರಿಯ ಸೌಕರ್ಯ ಬಂದಿದೆ, ಬಗೆಬಗೆಯ ಅಳತೆಗಳೂ ಬಂದಿವೆ. ಈಗಲೂ ಅಂಗಡಿಯಲ್ಲಿ ಬಣ್ಣ, ಗೇರು, ರಿಯಾಯಿತಿ ಕೇಳಿದ ಮೇಲೆ ಅಳತೆ ಕೇಳುವವರೇ ಹೆಚ್ಚು.

ನನ್ನ 56ರ ಸೈಕಲನ್ನು ಆರಡಿ ಎತ್ತರದ ಸಹೋದ್ಯೋಗಿಯೊಬ್ಬನಿಗೆ ಮಾರಿದೆ. ಅವನು ಅದರ ಮೇಲೆ ಅನಂತಗಿರಿಯವರೆಗೆ ಹೋಗಿ ಬಂದು, ಇಷ್ಟು ಹಾಯಾದ ಸೈಕಲನ್ನು ಯಾಕೆ ಮಾರಿದಿರಿ ಎಂದು ಕೇಳಿದ. 50ರ ಫ್ರೇಮ್ ಬಂದ ಮೇಲೆ ನನ್ನ ಬೆರಳುಗಳ ಜೋಮು ಎರಡು ತಿಂಗಳಲ್ಲಿ ಹೋಯಿತು.

ಗೋಡೆಗೆ ಒರಗಿ ಕಾಲು ಅಳೆಸಿಕೊಂಡ ದಿನ ತಂದೆ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ‘ಸೈಕಲ್ಲಿಗೆ ನಾವು ಹೊಂದ್ಕೋಬೇಕೋ, ಅದೇನು ನಮಗ ಹೊಂದ್ಕೋತದ ಏನು?’ ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ಚಪ್ಪಲಿ ಬಿಟ್ಟು, ತಾವೇ ಗೋಡೆಗೆ ಬೆನ್ನು ಕೊಟ್ಟರು. ‘ನಂದೂ ಒಂದು ಅಳಿ, ನೋಡೋಣು.’ 73 ಸೆಂಟಿಮೀಟರ್ ಬಂತು. 24 ಇಂಚಿನ ಆ ಸೈಕಲ್ಲಿನ ಅಡ್ಡಕಂಬಿ 86 ಸೆಂಟಿಮೀಟರ್ ಎತ್ತರದಲ್ಲಿ ಇದ್ದಿರಬೇಕೆಂದು ಲೆಕ್ಕ ತೋರಿಸಿದೆ. ಟೇಪನ್ನು ಕೈಗೆ ತೆಗೆದುಕೊಂಡು ಎರಡೂ ಗುರುತುಗಳ ಮೇಲೆ ಬೆರಳಿಟ್ಟು ನೋಡಿದರು.

‘ಹಂಗಾರ ನಾ ಅಷ್ಟು ವರ್ಷ ಹೊಡದದ್ದು ಯಾರ ಸೈಕಲ್ಲೋ?’